ಅಪ್ಪನನ್ನು ನಗಿಸಿದ ಸೊಟ್ಟ ಬಾಯಿ

ಕೊರೊನಾ ಕಾಲ. ಜಪಾನಿನ ಕೋಟೋದ ನಮ್ಮ ಫ್ಲ್ಯಾಟಿನಲ್ಲಿ ಮಗಳು ಹ್ಯೊತ್ತೊಕೊ ಎಂಬ ಅಲ್ಲಿನ ಕೋಡಂಗಿಯ ಮುಖವಾಡ ಹಾಕಿಕೊಂಡು ಬಂದಳು. ಅದರ ಸೊಟ್ಟ ಬಾಯಿ ನನ್ನನ್ನು ನೇರ ಬಾಲ್ಯದ ನೈಜೀರಿಯಾಕ್ಕೆ ಎಳೆದೊಯ್ದಿತು.

ಅಪ್ಪ ಅಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ನಕ್ಕವರೇ ಅಲ್ಲ. ಒಮ್ಮೆ ನಾನು ಅವರಂತೆಯೇ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಳ್ಳುತ್ತ ನಡೆದು ತೋರಿಸಿದ್ದಕ್ಕೆ ಕಿವಿ ಹಿಂಡಿದ್ದರು. ಆ ಕ್ರಿಸ್‌ಮಸ್‌ಗೆ ಅಲ್ಲಿನ ಇಗ್ಬೋ ಜನರ ವೇಷಗಳು ಕುಣಿಯುತ್ತ ನಮ್ಮ ಬೀದಿಗೆ ಬಂದವು. ಉಬ್ಬುಗೆನ್ನೆ, ಸೊಟ್ಟ ಬಾಯಿಯ ಮರದ ಮುಖವಾಡ ತೊಟ್ಟ ಕೋಡಂಗಿಯೊಬ್ಬ ಅಪ್ಪನ ಮುಂದೆಯೇ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡು ನಡೆದ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು! ನನಗೆ ಹೊಟ್ಟೆ ಉರಿದುಹೋಯಿತು. ಆಟ ನನ್ನದು, ನಗು ಅವನಿಗೆ.

ಈಗ ವಿಡಿಯೊ ಕಾಲ್‌ನಲ್ಲಿ, ಮೈಸೂರಿನಲ್ಲಿ ಕೂತ ಅದೇ ಅಪ್ಪ ಮೊಮ್ಮಗಳನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ತಡೆಯಲಾಗಲಿಲ್ಲ. ಮುಖವಾಡ ಕಿತ್ತುಕೊಂಡು ನಾನೇ ಹಾಕಿಕೊಂಡೆ, ಕೈ ಹಿಂದೆ ಕಟ್ಟಿ ನಡೆದೆ.

“ಡ್ಯಾಡಿ, ದಟ್ಸ್ ಮೈನ್!” ಮಗಳು ಕಿರುಚಿದಳು.

ಅಪ್ಪನ ನಗು ನಿಂತಿತು. “ಮಗು ಹತ್ರ ಕಿತ್ಕೋತಾರೇನೋ? ಕೊಡೋ ಅವಳಿಗೆ!”

ಮೈಸೂರು ಅಷ್ಟು ದೂರ. ಆದರೂ ನನ್ನ ಕಿವಿ ಬಿಸಿಯಾಯಿತು.