ಮಡಚಬಾರದ ಮೊಣಕಾಲು

ಅಪ್ಪನ ಬಲ ಮೊಣಕಾಲಿನ ಹಿಂದೆ ನಿಂಬೆಹಣ್ಣಿನಷ್ಟು ಗಂಟೊಂದು ಎದ್ದಿತ್ತು. ಬೆರಳಿಟ್ಟರೆ ಬಡಿದುಕೊಳ್ಳುತ್ತಿತ್ತು. ನಮ್ಮೂರು ನರೋಣಾದಲ್ಲಿ ಎಲ್ಲರೂ ಅದನ್ನು ವಾಯುಗಂಟು ಎಂದರು. ಊರೆಲ್ಲ ವೈದ್ಯರೇ ಅಲ್ಲವೇ! ಎಣ್ಣೆ ಹಚ್ಚಿ ತಿಕ್ಕಿಸಿದೆವು. ಕೆಲವೇ ದಿನಗಳಲ್ಲಿ ಕಾಲ್ಬೆರಳು ಕಪ್ಪಾದವು. ಆಗ ಹೈದರಾಬಾದಿಗೆ ಓಡಿದೆವು. ಅದು ತೊಂಬತ್ತರ ದಶಕದ ಕೊನೆ.

ಗಂಟಲ್ಲ, ರಕ್ತನಾಳವೇ ಉಬ್ಬಿದೆ, ಒಳಗೆ ಹೆಪ್ಪುಗಟ್ಟಿದ ರಕ್ತ ಚೂರುಚೂರಾಗಿ ಪಾದಕ್ಕೆ ಇಳಿಯುತ್ತಿದೆ ಎಂದರು ಅಲ್ಲಿಯ ಡಾಕ್ಟರು. ಕಾಲು ಕೊಯ್ದು ನಾಳ ಸರಿಮಾಡುವುದು ವಾಡಿಕೆ. ಆದರೆ ಅಪ್ಪನ ಹೃದಯ ಅಷ್ಟು ದೊಡ್ಡ ಆಪರೇಷನ್ ತಾಳುವಂತಿರಲಿಲ್ಲ. ತೊಡೆಸಂದಿಯಿಂದ ತಂತಿ ತೂರಿಸಿ, ಉಬ್ಬಿದ ಜಾಗದೊಳಗೆ ಲೋಹದ ಜಾಲರಿಯ ಕೊಳವೆ ಕೂಡಿಸಿದರು. ಅದರ ಹೆಸರು ಸ್ಟೆಂಟ್. ಎರಡು ಬೆರಳು ಹೋದವು, ಕಾಲು ಉಳಿಯಿತು. ಕಳಿಸುವಾಗ ಡಾಕ್ಟರು ಅವ್ವನಿಗೆ ಒಂದೇ ಮಾತು ಹೇಳಿದರು: ಈ ಮೊಣಕಾಲು ಪೂರ್ತಿ ಮಡಚಬಾರದು. ಮಡಚಿದರೆ ಕೊಳವೆ ಮುರಿದು ನಾಳ ಮುಚ್ಚೀತು, ಆಮೇಲೆ ಕಾಲನ್ನೇ ತೆಗೆಯಬೇಕಾದೀತು.

ಹೇಳುವುದು ಸುಲಭ. ನಮ್ಮ ಕಡೆ ಮನುಷ್ಯ ಊಟಕ್ಕೆ, ಪೂಜೆಗೆ, ಬಯಲಿಗೆ, ಎಲ್ಲದಕ್ಕೂ ಕಾಲು ಮಡಚಿಯೇ ಕೂಡುವವನು. ಅವ್ವ ಬಡಗಿಯಿಂದ ನಡುವೆ ತೂತಿರುವ ಕುರ್ಚಿ ಮಾಡಿಸಿ ಹಿತ್ತಲಲ್ಲಿ ಇಡಿಸಿದಳು. ಓಣಿಯವರು ಅದನ್ನು ಸಿಂಹಾಸನ ಎಂದು ನಕ್ಕರು. ಅಪ್ಪ ಅದನ್ನು ಸಹಿಸಿಕೊಂಡ. ಮಠದಲ್ಲಿ ಮಾತ್ರ ಸಹಿಸಲಿಲ್ಲ. ಸ್ವಾಮಿಗಳ ಎದುರು ಕುರ್ಚಿಯ ಮೇಲೆ ಕೂಡುವವರು ನಮ್ಮಲ್ಲಿಲ್ಲ. ಸ್ವಾಮಿಗಳೇ ಕೂಡಲು ಹೇಳಿದರೂ ಕಂಬ ಹಿಡಿದು ನಿಂತೇ ಇದ್ದ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮನೆಯಲ್ಲಿ ಅಂಗೈಯ ಇಷ್ಟಲಿಂಗಕ್ಕೆ ಪೂಜೆ ಮಾಡುವಾಗಲೂ ಕಾಲು ಚಾಚಿಯೇ ಇರಬೇಕು. ಅಪ್ಪನಿಗೆ ಅದು ಸಾಯುವಷ್ಟು ಅವಮಾನ. ಅವ್ವ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಅವನು ಮೆಲ್ಲಗೆ ಕಾಲು ಎಳೆದುಕೊಂಡರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತಿತ್ತು.

"ಕಾಲು ಚಾಚ್ರಿ! ಎಷ್ಟ ಸಲ ಹೇಳಬೇಕ್ರಿ ನಿಮಗ?"

"ಕಾಲು ಉಳಸಾಕತ್ತಿ, ನನ್ನ ಸಾಯಸಾಕತ್ತಿ," ಎನ್ನುತ್ತಿದ್ದ ಅಪ್ಪ.

"ಒಂಟಿಗಾಲಲೆ ನಿಮ್ಮನ್ನ ನೋಡೂದು ನನ್ನ ಕೈಲೆ ಆಗೂದಿಲ್ರಿ."

ನಾನು ಜೇವರ್ಗಿಯ ಗಂಡನ ಮನೆಯಿಂದ ಬಂದಾಗಲೆಲ್ಲ ಇದೇ ಜಗಳ. ಗಂಡಹೆಂಡಿರ ನಡುವೆ ಬೇರೆ ಮಾತೇ ಉಳಿದಿರಲಿಲ್ಲ. ನನಗೆ ಅವ್ವನ ಮೇಲೆಯೇ ಸಿಟ್ಟು ಬರುತ್ತಿತ್ತು. ಆದರೆ ಅಪ್ಪನ ಪಾದ ರಕ್ತ ಹರಿದು ಬೆಚ್ಚಗಿತ್ತು, ಅದೂ ನಿಜ.

ಒಂದು ಬೇಸಿಗೆಯ ಬೆಳಿಗ್ಗೆ ಹೃದಯ ನಿಂತು ಅಪ್ಪ ಹೋಗಿಬಿಟ್ಟ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಮಣ್ಣು ಮಾಡುವುದೂ ಹಾಗೆಯೇ. ಮೈ ಸೆಟೆಯುವ ಮೊದಲೇ ಕೂಡಿಸಬೇಕು. ದೊಡ್ಡಪ್ಪ ಎಡಗಾಲು ಮಡಚಿದರು. ಬಲಗಾಲಿಗೆ ಕೈ ಹಾಕಿದ್ದೇ ತಡ, ಅವ್ವ ಚೀರಿದಳು.

"ಆ ಕಾಲು ಮಡಚಬ್ಯಾಡ್ರಿ! ಒಳಗ ಮುರೀತದ!"

ದೊಡ್ಡಪ್ಪ ಅಳುತ್ತ ಕೇಳಿದರು: "ಯವ್ವಾ, ಹಿಂಗ ಕಾಲು ಚಾಚಿ ಹ್ಯಾಂಗ ಕಳಸೂದು?"

ಅವ್ವ ಬಹಳ ಹೊತ್ತು ಆ ಕಾಲನ್ನೇ ನೋಡಿದಳು. ಆಮೇಲೆ ದೊಡ್ಡಪ್ಪನನ್ನು ಸರಿಸಿ ತಾನೇ ಕುಳಿತಳು. ಮೊಣಕಾಲಿನ ಹಿಂದೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಪಾದ ಹಿಡಿದು, ನಿಧಾನವಾಗಿ ಮಡಚಿದಳು.

"ಕುಂದರ್ರಿ ಇನ್ನ," ಎಂದಳು. "ನಾ ಏನೂ ಅನ್ನೂದಿಲ್ಲ."