ಎಲೆಯಿಲ್ಲದ ಕಡ್ಡಿಕಟ್ಟು

ಘಾಟಬೋರಾಳದ ಅಂಬುಬಾಯಿ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ, ಒಣಗಿದ ಮುತ್ತುಗದ ಎಲೆಗಳ ಮೇಲೆ ನೀರು ಚಿಮುಕಿಸುವುದು. ಎಲೆ ಮೆತ್ತಗಾಗುವವರೆಗೆ ಚಹಾ ಕುಡಿಯುತ್ತಾರೆ. ಅಷ್ಟರಲ್ಲಿ ಪಕ್ಕದ ಮನೆಯ ವಜೀರಬಿ ಬಂದು ಎದುರು ಕೂರುತ್ತಾರೆ. ನಡುವೆ ಬಿದಿರಿನ ಸಣ್ಣ ಕಡ್ಡಿಗಳ ರಾಶಿ. ಊಟದ ಪತ್ರಾವಳಿಗೆ ಎಲೆಗೆ ಎಲೆ ಜೋಡಿಸಿ ಕಡ್ಡಿ ಚುಚ್ಚುವಾಗ ಇಬ್ಬರೂ ಕೈ ನೋಡುವುದಿಲ್ಲ. ಓಣಿಯಲ್ಲಿ ಹೋಗುವವರನ್ನು ನೋಡುತ್ತಾರೆ.

"ಸಾರು ಸೋರಿತಂದ್ರ ಆ ಪತ್ರಾವಳಿ ವಜೀರಾ ಹಚ್ಚಿದ್ದು," ಎಂದರು ಅಂಬುಬಾಯಿ.

"ಸೋರದಿದ್ದದ್ದು ಅಂಬಕ್ಕ ಹಚ್ಚಿದ್ದಂತ. ಈ ಊರಿಗಿ ಬಂದಾಗಿಂದ ಇದನ್ನೇ ಕೇಳಾಕತ್ತೇನಿ," ಎಂದರು ವಜೀರಬಿ.

ಎಲೆ ಬರುವುದು ಊರ ಹಿಂದಿನ ಗುಡ್ಡದಿಂದ. ಅದು ಗೈರಾಣ, ಊರ ದನ ಮೇಯುವ ಜಾಗ. ಸೌದೆ, ಸೀತಾಫಲ, ಬೇಲಿಯ ಮುಳ್ಳು ಎಲ್ಲವೂ ಅಲ್ಲಿಂದಲೇ. 1956ರಲ್ಲಿ ಮದುವೆಯಾಗಿ ಬಂದ ಅಂಬುಬಾಯಿಗೆ ಅತ್ತೆ ಕಲಿಸಿದ್ದು ಒಂದೇ: ಮುತ್ತುಗದ ತೊಟ್ಟಿನಲ್ಲಿ ಎಲೆ ಮೂರು, ಎರಡು ನಿನಗೆ, ನಡುವಿನದು ಗಿಡಕ್ಕೆ.

ಊರಿನ ಮದುವೆ ನಿಶ್ಚಯವಾದರೆ ಆ ಮನೆಯವರು ಪತ್ರಾವಳಿ ಹೇಳಲು ಅಂಬುಬಾಯಿಯ ಮನೆಗೆ ಅರಿಶಿನ ಕುಂಕುಮ ತರುತ್ತಾರೆ. ಅದನ್ನು ಕೊಟ್ಟ ಮೇಲೆ ಬೇರೆ ಕಡೆಯ ಎಲೆ ಆ ಮದುವೆಗೆ ಬರುವಂತಿಲ್ಲ. ಈ ಪದ್ಧತಿ ಇಲ್ಲದಿದ್ದರೆ ಗುಡ್ಡ ಇಂದು ಇರುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, 1972ರಲ್ಲಿ, ಹುಮನಾಬಾದ್ ಪಟ್ಟಣ ಬೆಳೆಯುತ್ತಿತ್ತು, ಇಟ್ಟಂಗಿ ಸುಡುವ ಭಟ್ಟಿಗಳಿಗೆ ಕಟ್ಟಿಗೆ ಬೇಕಾಗಿತ್ತು. ಗುಡ್ಡದ ಬುಡದಲ್ಲಿ ತೊಗರಿ ಹೊಲಗಳು ಆಗಲೇ ಒಂದೊಂದು ಸಾಲಾಗಿ ಮೇಲೇರಿದ್ದವು. ಊರಿನ ಹಿರಿಯ ಮಹಾರುದ್ರಪ್ಪ ಪಾಟೀಲರು ಒಬ್ಬ ಭಟ್ಟಿಯವನಿಗೆ ಗುಡ್ಡ ಕಡಿಯಲು ಒಪ್ಪಿಗೆ ಕೊಟ್ಟರು. ಬದಲಿಗೆ ಅವನು ಶಾಲೆಯ ಕೋಣೆಗೆ ಇಟ್ಟಂಗಿ ಕೊಡಬೇಕಾಗಿತ್ತು. ಕಡಿಯುವ ಕೂಲಿಗೆ ಹೋದವರೂ ಊರವರೇ.

ಆ ದಿನಗಳಲ್ಲೇ ಪಾಟೀಲರ ಮಗಳ ಮದುವೆ. ಅವರ ಹೆಂಡತಿ ಶಕುಂತಲಾಬಾಯಿ ತಂದ ಕುಂಕುಮವನ್ನು ಅಂಬುಬಾಯಿ ತೆಗೆದುಕೊಂಡರು. ಮದುವೆಯ ವಾರ ಪತ್ರಾವಳಿ ಒಯ್ಯಲು ಪಾಟೀಲರ ಬಂಡಿ ಬಂದಾಗ ಅಂಬುಬಾಯಿ ಅದರಲ್ಲಿಟ್ಟದ್ದು ಒಂದು ಕಟ್ಟು ಕಡ್ಡಿ ಮಾತ್ರ.

"ಹಿಂಗ ಮಾಡಿದ್ರ ನಾಳಿಂದ ನಮ್ಮನ್ನ ಯಾರು ಕರೀತಾರ, ಅಂಬಕ್ಕಾ?" ಎಂದು ವಜೀರಬಿ ಕೇಳಿದ್ದರು.

"ಗುಡ್ಡ ಹೋದ ಮ್ಯಾಲ ಕರದ್ರೂ ಏನು ಒಯ್ತೀ?"

ಸಂಜೆ ಪಾಟೀಲರೇ ಕಡ್ಡಿಕಟ್ಟು ಹಿಡಿದು ಬಂದರು. "ಏನಬೇ ಅಂಬು, ಬೀಗರಿಗಿ ಕಡ್ಡಿ ಮ್ಯಾಲ ಬಡಸಲೇನು?"

"ಎಲಿ ಭಟ್ಟಿಗಿ ಹೋಗ್ಯಾವ್ರಿ, ಪಾಟೀಲ್ರ."

"ಸಾಲಿಗಿ ಇಟ್ಟಂಗಿ ಬ್ಯಾಡೇನು?"

"ಬೇಕ್ರಿ. ನಿಮ್ಮ ಹೊಲದ ಬದುವಿನ ಮ್ಯಾಲ ಜಾಲಿ ಗಿಡ ಅದಾವಲ್ರಿ. ಅವೂ ಉರೀತಾವ."

ವಜೀರಬಿಗೆ ಆ ಗಳಿಗೆ ಚೆನ್ನಾಗಿ ನೆನಪಿದೆ. "ಮೊದ್ಲ ಸಿಟ್ಟಾದ್ರು, ಆಮ್ಯಾಲ ನಕ್ರು. ಮೊದ್ಲ ನಕ್ಕು ಆಮ್ಯಾಲ ಸಿಟ್ಟಾಗಿದ್ರ ನಾವಿಬ್ರೂ ಊರು ಬಿಟ್ಟು ಚಿಟಗುಪ್ಪದಾಗ ಇರ್ತಿದ್ದಿವಿ."

ಮರುದಿನ ಕೊಡಲಿಗಳು ಗುಡ್ಡದಿಂದ ಇಳಿದವು. ಪಾಟೀಲರ ಜಾಲಿ ಭಟ್ಟಿಗೆ ಹೋಯಿತು, ಶಾಲೆಗೆ ಕೋಣೆ ಬಂತು. ಮದುವೆಗೆ ಬೇಕಾದ ಪತ್ರಾವಳಿಗಳು ಮೊದಲೇ ಸಿದ್ಧವಾಗಿ ವಜೀರಬಿಯ ಅಟ್ಟದ ಮೇಲಿದ್ದವು. ಅವನ್ನು ಬಂಡಿಗೆ ಹೇರಿದವರು ಅಂಬುಬಾಯಿಯೇ.

ಆದರೂ ಬುಡದಿಂದ ಏರಿದ ಹೊಲಗಳಿಂದಾಗಿ ಗುಡ್ಡದ ಅರ್ಧ ಉಳಿಯಲಿಲ್ಲ. ಅಲ್ಲೀಗ ತೊಗರಿ ಬೆಳೆಯುತ್ತದೆ. ಕೊಡಲಿಯವರು ಆಗಲೇ ಕಡಿದು ಬಿಟ್ಟಿದ್ದ ಇನ್ನೊಂದು ಬದಿಯಲ್ಲಿ ಮುತ್ತುಗದ ಬೊಡ್ಡೆಗಳು ಚಿಗುರಿ ಆಳೆತ್ತರ ಮೀರಿವೆ. ಬಸವಕಲ್ಯಾಣದ ಮದುವೆಗಳಿಗೂ ಎಲೆ ಇಲ್ಲಿಂದಲೇ ಹೋಗುತ್ತದೆ. "ಆ ಊರವರೂ ಕುಂಕುಮ ತರ್ತಾರ," ಎನ್ನುವಾಗ ಅಂಬುಬಾಯಿಯ ಬೆನ್ನು ನೇರವಾಗುತ್ತದೆ.

ಪಾಟೀಲರ ಕಿರಿಯ ಮಗನ ಮದುವೆ ಈ ವೈಶಾಖಕ್ಕೆ ನಿಶ್ಚಯವಾಗಿದೆ. ಶಕುಂತಲಾಬಾಯಿ ನಾಳೆ ಕುಂಕುಮ ತರುತ್ತಾರೆ.