ರಫು ಮೇಜಿನ ಮೇಲಿನ ಬೆಳಕಿಂಡಿ

ಗಾಜಕ್ಕನ ಬಾಯಿಗೆ ಸಿಕ್ಕದವರು ಆ ಊರಲ್ಲಿ ಯಾರೂ ಇರಲಿಲ್ಲ. ಮಾಡಿನ ಮೇಲೆ ಬೋರಲು ಮಲಗಿ ಬೆಳಕಿಂಡಿಗಳ ಕೊಳೆ ತೆಗೆಯುವುದು ಅವಳ ಕೆಲಸ. ಏಣಿ ಹತ್ತಲು ಹೆದರುವವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಉದ್ದ ಕೋಲಿಗೆ ಬಟ್ಟೆ ಸುತ್ತಿ ಕೆಳಗಿನಿಂದಲೇ ಒರೆಸಿ ಹೋಗುವವರು ಅವಳ ಪಾಲಿಗೆ ಕೊಳೆಗೆ ಬೆನ್ನು ಸವರಿ ಹೋಗುವವರು. ಡಾಕ್ಟರು ಚೀಟಿ ಬರೆದುಕೊಟ್ಟರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಂಗೆ ಇದಲ್ಲ ಕಾಯಿಲೆ" ಎಂದು ಎದ್ದು ಬರುತ್ತಿದ್ದಳು. ಗಂಡನಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡದೆ ಅದನ್ನೂ ಒಪ್ಪಿಕೊಂಡವಳಲ್ಲ.

ಇಂಥವಳು ಒಂದೇ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಕಡುಬಣ್ಣದ ಬಟ್ಟೆ ಕೈಗೆ ಬಂದರೆ, ತಾನು ನೋಡುವ ಮೊದಲೇ ಅದನ್ನು ಗಂಡನ ಕಡೆಗೆ ಚಾಚಿ, "ಇದು ಕಪ್ಪಾ, ನೀಲಿನಾ?" ಎನ್ನುತ್ತಿದ್ದಳು. ಅವನು ಹೇಳಿದ್ದೇ ಕೊನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು.

ಹನ್ನೊಂದು ವರ್ಷದ ಹಿಂದೆ ಅವಳಿಗೆ ಗಾಜಕ್ಕ ಎಂಬ ಹೆಸರಿರಲಿಲ್ಲ. ಉಣ್ಣೆ ಬಟ್ಟೆಯ ಕಾರ್ಖಾನೆಯ ರಫು ಕೋಣೆಯಲ್ಲಿ ಒಡಹುಟ್ಟಿದ ಅಕ್ಕನ ಪಕ್ಕದಲ್ಲಿ ಕೂತು, ಮಗ್ಗದಲ್ಲಿ ಎಳೆ ತಪ್ಪಿದ ಕಡೆ ಅದೇ ಬಣ್ಣದ ನೂಲು ಸೇರಿಸಿ ತೂತು ಮುಚ್ಚುತ್ತಿದ್ದಳು. ಆ ಕೆಲಸದಲ್ಲಿ ಎತ್ತಿದ ಕೈ. ತಾನು ಮುಚ್ಚಿದ ಜಾಗ ತನಗೇ ಮತ್ತೆ ಸಿಕ್ಕದೆ ಹೋದರೆ ಖುಷಿಯಿಂದ ನಗುತ್ತಿದ್ದಳು. ಒಂದು ದಿನ ನೀಲಿ ಕೋಟಿನ ಬಟ್ಟೆಗೆ ಕಪ್ಪು ನೂಲು ಹಾಕಿಬಿಟ್ಟಳು. ಸೂಪರ್‌ವೈಸರ್ ಬಂದ, ಬಟ್ಟೆಯನ್ನು ಅಂಗಳಕ್ಕೆ ಒಯ್ದು ನೋಡಿದ, ಒಳಗೆ ಬಂದು, "ಕಣ್ಣು ಹೋಗಿದೆ ಕಣಮ್ಮ, ಮನೆಗೆ ಹೋಗು" ಅಂದ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಎದ್ದು ಬಂದಳು. ಗಾಜಿನ ಕೆಲಸ ಹಿಡಿದದ್ದು ಆಮೇಲೆ. ಅದಕ್ಕೆ ಬಣ್ಣ ಗುರುತಿಸುವ ಹಂಗಿಲ್ಲವಲ್ಲ. ಊರಿನ ಎಲ್ಲ ಮಾಡು ಹತ್ತಿದಳು, ಆ ಕಾರ್ಖಾನೆಯದೊಂದನ್ನು ಬಿಟ್ಟು.

ಒಂದು ಶನಿವಾರ ಸಂಜೆ ಅಕ್ಕ ಸಪ್ಪೆ ಮುಖ ಹಾಕಿಕೊಂಡು ಬಂದಳು.

"ಸೋಮವಾರ ನಂಗೆ ಪರೀಕ್ಷೆ ಕಣೇ. ಹನ್ನೆರಡು ನೂಲುಂಡೆ ಸುರೀತಾರಂತೆ. ಕಪ್ಪು ಬೇರೆ, ನೀಲಿ ಬೇರೆ ಮಾಡ್ಬೇಕು. ತಪ್ಪಿದ್ರೆ ಕೆಲಸ ಹೋಯ್ತು."

"ಮಾಡು. ಅದೇನ್ ಮಹಾ."

"ಆಗಲ್ಲ. ಎಲ್ಲಾ ಒಂದೇ ಥರ ಕಾಣುತ್ತೆ. ನಿಂಗೆ ಬಂದಿದ್ದೇ ನಂಗೂ ಬಂದಿದೆ. ಅಮ್ಮನ ಕಡೆಯಿಂದ ಬಂದಿರ್ಬೇಕು."

"ಅಮ್ಮ ಸಾಯೋ ವರ್ಷನೂ ಕಾಳಲ್ಲಿ ಕಲ್ಲು ಆರಿಸ್ತಿದ್ಲು. ಸತ್ತೋರ ಮೇಲೆ ಯಾಕ್ ಹಾಕ್ತೀಯ?"

ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. "ಮನೇಲಿ ಬಾಗಿಲ ಹತ್ರ ಕೂತ್ರೆ ಎಲ್ಲಾ ಕಾಣುತ್ತೆ. ಅಲ್ಲಿ ಕೂತ್ರೆ ಮಾತ್ರ ಹೀಗೆ" ಅಂದಳು.

ಗಾಜಕ್ಕ ತಟ್ಟನೆ ಕೇಳಿದಳು, "ನಿನ್ನ ಮೇಜಿನ ಮೇಲಿರೋ ಬೆಳಕಿಂಡಿ ಹೇಗಿದೆ?"

"ಯಾರ್ ನೋಡಿದ್ದಾರೆ? ಬಗ್ಗಿ ಕೂತೋರಿಗೆ ಮೇಲೇನಿದೆ ಅಂತ ಗೊತ್ತಾಗುತ್ತಾ?"

"ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕೂತಿದ್ದೀಯ. ಒಂದ್ಸಲ ಕತ್ತೆತ್ತಿ ನೋಡಕ್ಕೇನು ರೋಗ ನಿಂಗೆ?" ಎಂದು ಗಾಜಕ್ಕ ಮೂಗು ಮುರಿದಳು.

ಟ್ಯೂಬ್‌ಲೈಟು ಬಣ್ಣದಲ್ಲಿ ಮೋಸ ಮಾಡುತ್ತದೆಂದು ರಫು ಕೋಣೆಯಲ್ಲಿ ಹಗಲು ಬೆಳಕಿನಲ್ಲೇ ಕೆಲಸ. ಆ ಬೆಳಕು ಬರಬೇಕಾದದ್ದು ಮಾಡಿನ ಆರು ಗಾಜುಗಳಿಂದ. ಕೆಳಗಿನಿಂದ ನಾಲ್ಕಾಳೆತ್ತರ, ಯಾವ ಕೋಲೂ ಮುಟ್ಟದು. ಸೋಮವಾರ ಕಾರ್ಖಾನೆಯ ಬಾಗಿಲು ತೆಗೆಯುವ ಹೊತ್ತಿಗೇ ಗಾಜಕ್ಕ ಹೋಗಿ ಸೂಪರ್‌ವೈಸರನ ಎದುರು ನಿಂತಳು.

"ಗಾಜು ತೊಳೀತೀನಿ ಸಾರ್."

"ನಮ್ಮ ಗಾಜು ದಿನಾ ತಾನೇ ತೊಳ್ಕೊಳ್ಳುತ್ತೆ ಕಣಮ್ಮ. ಮಾಡಿನ ಮೇಲೇ ಪೈಪ್ ಹಾಕಿಸಿದ್ದೀನಿ. ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿಂದ ನಲ್ಲಿ ತಿರುಗಿಸಿದ್ರೆ ಆಯ್ತು, ಯಾರೂ ಹತ್ತೋದೇ ಬೇಡ."

"ಒಂದೇ ಒಂದು. ಪುಕ್ಕಟೆ."

ಪುಕ್ಕಟೆ ಅಂದರೆ ಆಸಾಮಿಯ ಕಿವಿ ನೆಟ್ಟಗಾಗುತ್ತದೆ. "ಹತ್ತು, ಹತ್ತು. ಪರೀಕ್ಷೆ ಹನ್ನೊಂದಕ್ಕೆ, ಅಷ್ಟರಲ್ಲಿ ಇಳಿದುಬಿಡು" ಅಂದ.

ಹೊರಗೋಡೆಗೆ ಏಣಿ ಹಾಕಿ ಅವಳು ಮೇಲೆ ಹೋದಳು. ಹೊಗೆಗೂಡಿಗೆ ಹಗ್ಗ ಬಿಗಿದು, ಅದನ್ನು ಸೊಂಟಕ್ಕೆ ಕಟ್ಟಿ, ಗಾಜಿನ ಮೇಲೆ ಭಾರ ಬೀಳದ ಹಾಗೆ ಹಲಗೆ ಅಡ್ಡ ಹಾಕಿ ಮಲಗಿದಳು. ನೋಡಿದರೆ, ಅದು ಗಾಜೇ ಅಲ್ಲ. ಬಿಸಿಲಿಗೆ ಕಾದ ಗಾಜಿನ ಮೇಲೆ ಕೊಳವೆಬಾವಿಯ ಗಡಸು ನೀರು ದಿನಾ ಬಿದ್ದು, ಅಲ್ಲೇ ಆರಿ, ಸುಣ್ಣ ಕಟ್ಟಿತ್ತು. ಸುಣ್ಣದ ಮೇಲೆ ಬಾಯ್ಲರಿನ ಮಸಿ, ಮಸಿಯ ಮೇಲೆ ಮತ್ತೆ ಸುಣ್ಣ. ತೊಳೆದು ತೊಳೆದೇ ಕೊಳೆ ಮಾಡಿದ್ದ ಪುಣ್ಯಾತ್ಮ. ನೀರು ಹಾಕಿದೆನೆಂದರೆ ತೊಳೆದಂತೆ, ಕುರ್ಚಿಯಲ್ಲಿ ಕೂತೆನೆಂದರೆ ಬುದ್ಧಿ ಬಂದಂತೆ ಎಂದುಕೊಂಡವನಿಗೆ ಬೇರೇನು ತಿಳಿದೀತು.

ಒಣಗಿದ್ದನ್ನು ಕೆರೆದರೆ ಗಾಜಿಗೇ ಗೀರು. ಹಳೆ ಬಟ್ಟೆಯ ಚೂರುಗಳನ್ನು ವಿನಿಗರಿನಲ್ಲಿ ಅದ್ದಿ ಗಾಜಿನ ತುಂಬ ಹಾಸಿದಳು, ಆರದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಗಂಟೆಗಟ್ಟಲೆ ಕಾಯಬೇಕು. ಕಾಯುತ್ತ ಆ ಪೈಪನ್ನು ನೋಡಿದಳು. ಇದಕ್ಕೆ ಹೂವು ಸುತ್ತಿ ನಲ್ಲಿ ತಿರುಗಿಸಿದ ದಿನ ನೆನಪಾಯಿತು. ರಫು ಕೋಣೆಯವರೆಲ್ಲ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದರು. ಅವಳೂ ತಟ್ಟಿದ್ದಳು. ಅವಳನ್ನು ಮನೆಗೆ ಕಳಿಸಿದ್ದು ಅದರ ಮರುವರ್ಷ.

ನೆನಪು ಅಲ್ಲಿಗೆ ಬಂದು ನಿಂತಿತು. ಗಾಜಕ್ಕ ಅದನ್ನು ಮುಂದೆ ತಳ್ಳಲಿಲ್ಲ, ಕೈಯಲ್ಲಿ ಕೆಲಸವಿತ್ತು.

ಬಟ್ಟೆ ತೆಗೆದು, ಸೋಪಿನ ನೀರು ಹಚ್ಚಿ, ಬ್ಲೇಡನ್ನು ಒರಗಿಸಿ ಹಿಡಿದು ತಳ್ಳಿದಳು. ಸುಣ್ಣ ಮೆತ್ತಗಾಗಿ ಕೆನೆ ಥರ ಸುರುಳಿಯಾಗಿ ಬಂತು. ಮೂಲೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದಳು. ಕ್ಯಾನಿನಲ್ಲಿ ಹೊತ್ತು ತಂದಿದ್ದ ಮಳೆನೀರು ಸುರಿದು, ರಬ್ಬರು ಪಟ್ಟಿ ಎಳೆದು, ಒಂದು ಹನಿಯೂ ನಿಲ್ಲದಂತೆ ಒಣಬಟ್ಟೆಯಲ್ಲಿ ಒರೆಸಿದಳು.

ಕೆಳಗೆ ಅಕ್ಕನ ಮೇಜಿನ ಮೇಲೆ ಬಿಸಿಲಿನ ಚೌಕ ಬಿತ್ತು. ರಫು ಕೋಣೆಯವರು ಒಬ್ಬೊಬ್ಬರಾಗಿ ಕತ್ತೆತ್ತಿದರು. ಸೂಪರ್‌ವೈಸರ್ ಬಂದು ಹನ್ನೆರಡು ಉಂಡೆ ಸುರಿದ. ಅಕ್ಕನ ಕೈ ಇನ್ನೂ ಮುಟ್ಟಿರಲಿಲ್ಲ, ಮೇಲಿನಿಂದ ಗಾಜಕ್ಕನ ಕಣ್ಣು ಅವನ್ನು ಆಗಲೇ ಬೇರೆ ಮಾಡಿಯಾಗಿತ್ತು. ಅದು ಕಪ್ಪು. ಅದು ನೀಲಿ. ಅದೂ ನೀಲಿ. ನಾಲ್ಕಾಳೆತ್ತರದಿಂದ, ಯಾರನ್ನೂ ಕೇಳದೆ.

ಅಕ್ಕ ಏಳು ಉಂಡೆ ಈ ಕಡೆ, ಐದು ಆ ಕಡೆ ಇಟ್ಟಳು. ಒಂದೂ ತಪ್ಪಿರಲಿಲ್ಲ. ಗೆದ್ದವಳಂತೆ ಮೇಲೆ ನೋಡಿ ನಕ್ಕಳು.

ಗಾಜಕ್ಕನಿಗೆ ನಗು ಬರಲಿಲ್ಲ. ಡಾಕ್ಟರನ್ನು ನಂಬಲಿಲ್ಲ, ಗಂಡನ ಜ್ವರವನ್ನೂ ನಂಬಲಿಲ್ಲ; ನಂಬಿದ್ದು ಯಾರನ್ನು? ಈ ಪೈಪಿನವನನ್ನು. ಅವನು ಬಟ್ಟೆ ನೋಡಲು ಅಂಗಳಕ್ಕೆ ಹೋದಾಗ ತಾನೂ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿದ್ದರೆ ಸಾಕಿತ್ತು. ಅಕ್ಕನಿಗೆ ಕತ್ತೆತ್ತಕ್ಕೇನು ರೋಗ ಎಂದು ಕೇಳಿದ ಬಾಯಿ ಅದೇ ಬಾಯಿ. ಅವಳು ಇಳಿದು, ಗೋಡೆಯ ಬುಡದಲ್ಲಿದ್ದ ನಲ್ಲಿಯ ಹಿಡಿಯನ್ನು ತಿರುಗಿಸಿ ತಿರುಗಿಸಿ ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಬಾಗಿಲಲ್ಲಿ ಸೂಪರ್‌ವೈಸರ್ ಹಲ್ಲು ಕಿರಿಯುತ್ತ ಕಾದಿದ್ದ. "ಪರವಾಗಿಲ್ವಲ್ಲ, ನಿಮ್ಮಕ್ಕನ ಕಣ್ಣು ಸರಿಹೋಯ್ತು. ಉಳಿದ ಐದೂ ಹೀಗೇ ಮಾಡಿಬಿಡು. ಪುಕ್ಕಟೆ ಅಂದಿದ್ದೆ, ಅಲ್ವಾ?"

ಗಾಜಕ್ಕ ಅವನನ್ನು ಬಾಗಿಲ ಪಕ್ಕದ ಕಂಬವನ್ನು ದಾಟುವಂತೆ ದಾಟಿ ಒಳಗೆ ಹೋದಳು. ಅಕ್ಕನ ಪಕ್ಕದಲ್ಲಿ ಅವಳ ಹಳೇ ಜಾಗ ಖಾಲಿಯಿತ್ತು, ಕೂತಳು. ಬುಟ್ಟಿಯಿಂದ ನೀಲಿ ಬಟ್ಟೆ ಎಳೆದುಕೊಂಡು ತೂತು ಹುಡುಕಿದಳು, ನೀಲಿ ಉಂಡೆಯಿಂದ ಎಳೆ ಕಿತ್ತು ಮೊದಲ ಸಲಕ್ಕೇ ಸೂಜಿಗೆ ಪೋಣಿಸಿದಳು. ವಿನಿಗರಿಗೆ ಸುಕ್ಕುಗಟ್ಟಿದ್ದ ಬೆರಳು ಮೊದಲು ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ಅಕ್ಕ ಬಟ್ಟೆಯ ಇನ್ನೊಂದು ತುದಿ ಬಿಗಿಯಾಗಿ ಹಿಡಿದುಕೊಂಡಳು.

"ಏಯ್, ಏನಮ್ಮ ಇದು? ಯಾರನ್ನ ಕೇಳಿ ಕೂತೆ?" ಎಂದ ಸೂಪರ್‌ವೈಸರ್.

ಗಾಜಕ್ಕ ಕತ್ತೆತ್ತಲಿಲ್ಲ.

"ಹನ್ನೊಂದು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟು ಹೋಗಿದ್ದೆ ಸಾರ್. ಬೆಳಕಿಗೆ ಅಡ್ಡ ನಿಂತಿದ್ದೀರ, ಸ್ವಲ್ಪ ಸರೀರಿ."